ಹೊಸ ಕೇಬಲ್ ಸಂಪರ್ಕ, ಆಮೆವೇಗದ ಇಂಟರ್‌ನೆಟ್: ತಾರಸಿಯಿಂದ ಮೋಡೆಮ್‌ವರೆಗಿನ ಒಂದು ದುರಸ್ತಿ

2020ರ ಆಗಸ್ಟ್ ತಿಂಗಳ ಎರಡನೆಯ ಶನಿವಾರ ಬೆಂಗಳೂರಿನ ಹನುಮಂತನಗರದ ನಮ್ಮ ಮನೆಗೆ ಕೇಬಲ್ ಇಂಟರ್‌ನೆಟ್ ಹಾಕಿಸಿದೆವು. ಟಿವಿಗೆ ಬರುವ ಕಪ್ಪು ಕೇಬಲ್ಲಿನಲ್ಲೇ ಇಂಟರ್‌ನೆಟ್ಟೂ ಬರುವ ವ್ಯವಸ್ಥೆ ಅದು. ನಮ್ಮ ಅಡ್ಡರಸ್ತೆಗೆ ಫೈಬರ್ ಆಗಿನ್ನೂ ಬಂದಿರಲಿಲ್ಲ. ಮಗಳ ಶಾಲೆ, ನನ್ನ ಕಚೇರಿ ಎರಡೂ ಮನೆಯಿಂದಲೇ ನಡೆಯುತ್ತಿದ್ದ ಕಾಲವಾದ್ದರಿಂದ ಹಿಂದೆಮುಂದೆ ನೋಡದೆ 100 ಎಂಬಿಪಿಎಸ್ ಪ್ಲಾನನ್ನೇ ತೆಗೆದುಕೊಂಡೆವು. ಬಂದ ತಂತ್ರಜ್ಞರು ಮುಕ್ಕಾಲು ಗಂಟೆಯಲ್ಲಿ ಕೆಲಸ ಮುಗಿಸಿ, ಟಿವಿಯ ಪಕ್ಕದಲ್ಲಿ ಮೋಡೆಮ್ ಇಟ್ಟು, ತಮ್ಮ ಮೊಬೈಲಿನಲ್ಲಿ ಒಂದು ಪುಟ ತೆರೆದು ತೋರಿಸಿ, "ನೆಟ್ ಬರ್ತಿದೆ ಸಾರ್, ಲೈಟೆಲ್ಲ ಗ್ರೀನ್ ಇದೆ" ಎಂದು ಹೇಳಿ ಮುಂದಿನ ಮನೆಗೆ ಹೊರಟರು.

ಅಂದು ರಾತ್ರಿಯೇ ತೊಂದರೆ ಕಾಣಿಸಿತು. ವೇಗ ಪರೀಕ್ಷೆಯಲ್ಲಿ ಒಮ್ಮೆ 14, ಇನ್ನೊಮ್ಮೆ 9, ಹತ್ತು ಗಂಟೆಯ ಹೊತ್ತಿಗೆ 4 ಎಂಬಿಪಿಎಸ್. ಕಳುಹಿಸುವ ದಿಕ್ಕಿನಲ್ಲಿ ಅರ್ಧ ಎಂಬಿಪಿಎಸ್ ದಾಟಲಿಲ್ಲ. ಸೋಮವಾರ ಬೆಳಗ್ಗೆ ಮಗಳ ತರಗತಿಯಲ್ಲಿ ಟೀಚರ್ ಮಾತು ತುಂಡು ತುಂಡಾಗಿ ಕೇಳಿಸಿ, ಅವಳು ಹಾಜರಿ ಹೇಳಿದ್ದು ಅಲ್ಲಿಗೆ ತಲುಪಲೇ ಇಲ್ಲ. ಗ್ರಾಹಕ ಸೇವೆಗೆ ಕರೆ ಮಾಡಿದಾಗ ಮೋಡೆಮನ್ನು ಆಫ್ ಮಾಡಿ ಎರಡು ನಿಮಿಷ ಬಿಟ್ಟು ಆನ್ ಮಾಡಿ ಎಂದರು. ಹಾಗೆ ಮಾಡಿದರೆ ಕಾಲು ಗಂಟೆ ಚೆನ್ನಾಗಿ ಓಡಿ ಮತ್ತೆ ಅದೇ ಸ್ಥಿತಿಗೆ ಬರುತ್ತಿತ್ತು. ಹೀಗೆ ಆಫ್-ಆನ್ ಮಾಡಿದಾಗ ಸ್ವಲ್ಪ ಹೊತ್ತು ಸುಧಾರಿಸುವುದೇ ಒಂದು ಸುಳಿವು ಎಂದು ನನಗೆ ತಿಳಿದದ್ದು ಆಮೇಲೆ. ಯಾವುದನ್ನೂ ಬಿಚ್ಚುವ ಮೊದಲು ಅಳೆಯಬೇಕು ಎಂದು ನಿರ್ಧರಿಸಿ, ಒಂದು ನೋಟ್‌ಬುಕ್ ತೆಗೆದುಕೊಂಡು ಕುಳಿತೆ. ಈ ಬರಹ ಬಹುಪಾಲು ಆ ನೋಟ್‌ಬುಕ್ಕಿನಿಂದಲೇ ಎತ್ತಿಕೊಂಡದ್ದು.

ವೈಫೈ ಬೇರೆ, ಲೈನ್ ಬೇರೆ

ಮೊದಲು ಬಿಡಿಸಿಕೊಳ್ಳಬೇಕಾದ ಗಂಟು ಇದು: ನಿಧಾನವಾಗಿರುವುದು ಹೊರಗಿನಿಂದ ಮೋಡೆಮ್‌ಗೆ ಬರುವ ಲೈನೋ, ಮೋಡೆಮ್‌ನಿಂದ ನಮ್ಮ ಫೋನಿಗೆ ಬರುವ ವೈಫೈಯೋ? ಇವೆರಡನ್ನೂ ಒಂದೇ ಎಂದುಕೊಂಡು ಅಳೆದರೆ ಯಾವ ಅಂಕಿಗೂ ಅರ್ಥವಿರುವುದಿಲ್ಲ. ಮನೆಯ ಎಲ್ಲ ಫೋನುಗಳ ವೈಫೈ ಆರಿಸಿ, ಲ್ಯಾಪ್‌ಟಾಪನ್ನು ಲ್ಯಾನ್ ಕೇಬಲ್ ಮೂಲಕ ನೇರವಾಗಿ ಮೋಡೆಮ್‌ಗೆ ಜೋಡಿಸಿ, ಬೆಳಗ್ಗೆ ಆರಕ್ಕೆ, ಮಧ್ಯಾಹ್ನ ಎರಡಕ್ಕೆ, ರಾತ್ರಿ ಒಂಬತ್ತಕ್ಕೆ ಹೀಗೆ ಮೂರು ದಿನ ಅಳೆದೆ. ತಂತಿಯ ಮೂಲಕ ಬೆಳಗ್ಗೆ 22, ಮಧ್ಯಾಹ್ನ 19, ರಾತ್ರಿ 11 ಎಂಬಿಪಿಎಸ್ ಆಸುಪಾಸು ಸಿಕ್ಕಿತು. ಅದೇ ಹೊತ್ತಿಗೆ ಒಳಗಿನ ಕೋಣೆಯಲ್ಲಿ ವೈಫೈ ಮೂಲಕ ಸಿಕ್ಕಿದ್ದು ಅದರ ಅರ್ಧಕ್ಕಿಂತ ಕಡಿಮೆ. ಅಂದರೆ ದೋಷ ಒಂದಲ್ಲ, ಎರಡು. ಆದರೆ ದೊಡ್ಡದು ಲೈನಿನದು. ವೈಫೈ ಎಷ್ಟೇ ಸರಿಪಡಿಸಿದರೂ 22ಕ್ಕಿಂತ ಮೇಲೆ ಹೋಗುವಂತಿರಲಿಲ್ಲವಾದ್ದರಿಂದ ಅದನ್ನು ಬದಿಗಿಟ್ಟೆ.

ಜೊತೆಗೆ ಪಿಂಗ್ ಪರೀಕ್ಷೆಯನ್ನೂ ಮಾಡಿದೆ. ಪಿಂಗ್ ಎಂದರೆ ಒಂದು ಸಣ್ಣ ಸಂದೇಶ ಕಳಿಸಿ ಅದಕ್ಕೆ ಉತ್ತರ ಬರುವುದನ್ನು ನೋಡುವುದು. ಲ್ಯಾಪ್‌ಟಾಪಿನಿಂದ ಮೋಡೆಮ್‌ಗೆ 500 ಪಿಂಗ್ ಕಳಿಸಿದರೆ 500ಕ್ಕೂ ಒಂದು ಮಿಲಿಸೆಕೆಂಡಿನೊಳಗೆ ಉತ್ತರ ಬಂತು. ಹೊರಗಿನ ಸರ್ವರಿಗೆ 500 ಕಳಿಸಿದಾಗ 31 ಉತ್ತರಗಳು ಬರಲೇ ಇಲ್ಲ. ಶೇಕಡಾ 6ರಷ್ಟು ದತ್ತಾಂಶದ ತುಂಡುಗಳು, ಅಂದರೆ ಪ್ಯಾಕೆಟ್‌ಗಳು ದಾರಿಯಲ್ಲೇ ಕಳೆದುಹೋಗುವುದು ಸಣ್ಣ ಸಂಗತಿಯಲ್ಲ. ನೂರಕ್ಕೆ ಆರು ಹೋದರೆ ವೇಗವೂ ನೂರಕ್ಕೆ ಆರರಷ್ಟೇ ಇಳಿಯುತ್ತದೆ ಎಂದು ತೋರಬಹುದು, ವಾಸ್ತವದಲ್ಲಿ ಹಾಗಾಗುವುದಿಲ್ಲ. ಇಂಟರ್‌ನೆಟ್ಟಿನ ಬಹುಪಾಲು ಸಂಚಾರವನ್ನು ಸಾಗಿಸುವ ಟಿಸಿಪಿ ಎಂಬ ನಿಯಮಾವಳಿಯು ಪ್ಯಾಕೆಟ್ ಕಳೆದುಹೋದದ್ದನ್ನು ಕಂಡೊಡನೆ ದಾರಿಯಲ್ಲಿ ದಟ್ಟಣೆಯಾಗಿದೆ ಎಂದು ತಿಳಿದು ತನ್ನ ವೇಗವನ್ನು ಥಟ್ಟನೆ ತಗ್ಗಿಸಿಕೊಳ್ಳುತ್ತದೆ, ಮತ್ತೆ ನಿಧಾನವಾಗಿ ಏರಿಸುತ್ತದೆ. ಏರುವಷ್ಟರಲ್ಲಿ ಇನ್ನೊಂದು ಪ್ಯಾಕೆಟ್ ಕಳೆದುಹೋಗಿರುತ್ತದೆ. 100 ಎಂಬಿಪಿಎಸ್‌ನ ಲೈನು 20ರಲ್ಲಿ ತೆವಳುವುದು ಹೀಗೆ.

ಮೋಡೆಮ್ ತಾನೇ ಹೇಳುವ ಅಂಕಿಗಳು

ಕೇಬಲ್ ಮೋಡೆಮ್ ಇರುವ ಯಾರೇ ಆದರೂ ನೋಡಬೇಕಾದ ಪುಟವೊಂದಿದೆ. ಮೋಡೆಮ್‌ಗೆ ಜೋಡಿಸಿದ ಕಂಪ್ಯೂಟರಿನ ಬ್ರೌಸರಿನಲ್ಲಿ 192.168.100.1 ಎಂದು ಬರೆದರೆ ಬಹುತೇಕ ಕೇಬಲ್ ಮೋಡೆಮ್‌ಗಳು ತಮ್ಮ ಸ್ಥಿತಿಗತಿಯನ್ನು ತೆರೆದು ತೋರಿಸುತ್ತವೆ. ನಮ್ಮದು ಡಾಕ್ಸಿಸ್ 3.0 ಮೋಡೆಮ್. ಡಾಕ್ಸಿಸ್ ಎಂದರೆ ಕೇಬಲ್ ಟಿವಿಯ ತಂತಿಯಲ್ಲಿ ದತ್ತಾಂಶ ಸಾಗಿಸುವ ಮಾನದಂಡ. ಅದರ ಮೊದಲ ಆವೃತ್ತಿ 1997ರಲ್ಲಿ, ಹಲವು ಚಾನೆಲ್‌ಗಳನ್ನು ಒಟ್ಟಿಗೆ ಕಟ್ಟಿ ಬಳಸುವ 3.0 ಆವೃತ್ತಿ 2006ರಲ್ಲಿ ಬಂತು. ಚಾನೆಲ್ ಎಂದರೆ ಇಲ್ಲಿ ಟಿವಿ ವಾಹಿನಿಯಲ್ಲ, ದತ್ತಾಂಶ ಸಾಗುವ ಒಂದು ಆವರ್ತನ ಪಟ್ಟಿ. ನಮ್ಮ ಮೋಡೆಮ್ ಒಳಬರುವ ದಿಕ್ಕಿನಲ್ಲಿ ಎಂಟು ಚಾನೆಲ್‌ಗಳನ್ನು ಹಿಡಿಯಬಲ್ಲದು. 8 ಮೆಗಾಹರ್ಟ್ಸ್ ಅಗಲದ ಒಂದು ಚಾನೆಲ್ ಸುಸ್ಥಿತಿಯಲ್ಲಿದ್ದರೆ ಸುಮಾರು 50 ಎಂಬಿಪಿಎಸ್ ಹೊರುತ್ತದೆ.

ಪುಟ ತೆರೆದು ನೋಡಿದಾಗ ಎಂಟರಲ್ಲಿ ಐದು ಚಾನೆಲ್ ಮಾತ್ರ ಹಿಡಿದಿದ್ದವು. ಅವುಗಳ ಸಿಗ್ನಲ್ ಮಟ್ಟ ಸರಾಸರಿ ಮೈನಸ್ 13.5 ಡಿಬಿಎಂವಿ (ಕೇಬಲ್ ಸಿಗ್ನಲ್ ಅಳೆಯುವ ಮಾನ). ಸಿಗ್ನಲ್ಲಿಗೂ ಗದ್ದಲಕ್ಕೂ ಇರುವ ಅನುಪಾತ 28ರಿಂದ 30 ಡೆಸಿಬೆಲ್. ಮೋಡೆಮ್ ಹೊರಗೆ ಕಳಿಸುತ್ತಿದ್ದ ಶಕ್ತಿ 53 ಡಿಬಿಎಂವಿ. ಸರಿಪಡಿಸಲಾಗದ ದೋಷಗಳ ಎಣಿಕೆ ಒಂದು ಗಂಟೆಯಲ್ಲಿ 40 ಸಾವಿರ ದಾಟಿತ್ತು. ಕೆಳಗಿದ್ದ ದಾಖಲೆಯಲ್ಲಿ ಟಿ3 ಟೈಮೌಟ್ ಎಂಬ ಸಾಲು ಮತ್ತೆ ಮತ್ತೆ ಇತ್ತು. ಮೋಡೆಮ್ ಕೇಬಲ್‌ನವರ ಕೇಂದ್ರವನ್ನು ಕರೆದು, ಉತ್ತರ ಬಾರದೆ ಕಾದು ಸುಮ್ಮನಾಗಿದೆ ಎಂಬುದು ಅದರ ಅರ್ಥ.

ಈ ಅಂಕಿಗಳನ್ನು ಓದುವುದು ಕಷ್ಟವಲ್ಲ. ಕೇಬಲ್ ಲೋಕದಲ್ಲಿ ಒಂದು ಮಿಲಿವೋಲ್ಟನ್ನು ಸೊನ್ನೆ ಡಿಬಿಎಂವಿ ಎಂದು ಇಟ್ಟುಕೊಂಡಿದ್ದಾರೆ. ಒಳಬರುವ ಮಟ್ಟ ಸೊನ್ನೆಯ ಹತ್ತಿರ, ಹೆಚ್ಚೆಂದರೆ ಮೈನಸ್ 7ರಿಂದ ಪ್ಲಸ್ 7ರೊಳಗೆ ಇದ್ದರೆ ನೆಮ್ಮದಿ. ಮೈನಸ್ 15ರ ಆಚೆಗೆ ಮೋಡೆಮ್ ಕೆಲಸ ಮಾಡಲೇಬೇಕೆಂಬ ಕಟ್ಟಳೆಯೇ ಇಲ್ಲ. ನಾವು ಆ ಅಂಚಿನಲ್ಲಿ ನಿಂತಿದ್ದೆವು. ಅನುಪಾತ 33 ಡೆಸಿಬೆಲ್ಲಿಗಿಂತ ಮೇಲಿರಬೇಕು, ನಮ್ಮದು ಕೆಳಗಿತ್ತು. ಹೊರಕಳಿಸುವ ಶಕ್ತಿಯ ಲೆಕ್ಕ ಮಾತ್ರ ಉಲ್ಟಾ. ಕೇಂದ್ರಕ್ಕೆ ತನ್ನ ದನಿ ಸರಿಯಾಗಿ ಕೇಳಿಸುವವರೆಗೆ ಮೋಡೆಮ್ ಶಕ್ತಿಯನ್ನು ಏರಿಸುತ್ತಾ ಹೋಗುತ್ತದೆ. ಹೀಗಾಗಿ ಆ ಅಂಕಿ 40ರ ಆಸುಪಾಸಿನಲ್ಲಿದ್ದರೆ ಅದು ಸಲೀಸಾಗಿ ಮಾತಾಡುತ್ತಿದೆ ಎಂದರ್ಥ, 50 ದಾಟಿದರೆ ಗಂಟಲು ಹರಿದುಕೊಂಡು ಕೂಗುತ್ತಿದೆ ಎಂದರ್ಥ. ಆಫ್-ಆನ್ ಮಾಡಿದಾಗ ಮೋಡೆಮ್ ಎಲ್ಲ ಚಾನೆಲ್‌ಗಳನ್ನೂ ಹೊಸದಾಗಿ ಹುಡುಕಿ ಹಿಡಿಯುತ್ತಿತ್ತು, ಸ್ವಲ್ಪ ಹೊತ್ತಿನಲ್ಲಿ ದುರ್ಬಲವಾದವು ಒಂದೊಂದಾಗಿ ಕೈಬಿಟ್ಟುಹೋಗುತ್ತಿದ್ದವು. ಕಾಲು ಗಂಟೆಯ ಸುಖ ಅದೇ.

ನನ್ನ ಮಟ್ಟಿಗೆ ಇಡೀ ಪತ್ತೆಯ ತಿರುವು ಇಲ್ಲಿತ್ತು. ಬರುವ ಸಿಗ್ನಲ್ ತೀರ ಕಡಿಮೆ, ಹೋಗುವ ದನಿ ತೀರ ಜೋರು. ಕೇಂದ್ರದವರೇ ಕಡಿಮೆ ಸಿಗ್ನಲ್ ಬಿಡುತ್ತಿದ್ದರೆ ಮೊದಲನೆಯದು ಮಾತ್ರ ಕೆಡಬೇಕಿತ್ತು. ಎರಡೂ ಒಟ್ಟಿಗೆ ಕೆಟ್ಟಿವೆ ಎಂದರೆ ಹೋಗುವ ಬರುವ ಎರಡೂ ದಿಕ್ಕಿನ ಶಕ್ತಿಯನ್ನು ನುಂಗುವ ಯಾವುದೋ ವಸ್ತು ದಾರಿಯಲ್ಲಿ ಕೂತಿದೆ. ಅದು ಕಂಬದ ಕಡೆಯಲ್ಲಿದೆಯೋ ನಮ್ಮ ಮನೆಯೊಳಗೇ ಇದೆಯೋ ಎಂಬುದಷ್ಟೇ ಉಳಿದ ಪ್ರಶ್ನೆ.

ತಾರಸಿಗೆ ಮೋಡೆಮ್

ಕಂಬದಿಂದ ಬಂದ ಕೇಬಲ್ ನಮ್ಮ ತಾರಸಿಯ ಕೈಪಿಡಿ ಗೋಡೆಗೆ ಬಿಗಿದು, ನೀರಿನ ಟ್ಯಾಂಕಿನ ಕೆಳಗಿನ ತಗಡಿನ ಪೆಟ್ಟಿಗೆಯೊಂದರೊಳಗೆ ಹೋಗುತ್ತದೆ. ಭಾನುವಾರ ಮಧ್ಯಾಹ್ನ ಆ ಪೆಟ್ಟಿಗೆ ತೆರೆದೆ. ಮುಟ್ಟುವ ಮೊದಲು ಟೆಸ್ಟರಿನಿಂದ ಕೇಬಲ್ಲಿನ ಹೊರಲೋಹವನ್ನು ಪರೀಕ್ಷಿಸಿದೆ. ಯಾರದೋ ಮನೆಯ ಸೆಟ್‌ಟಾಪ್ ಬಾಕ್ಸಿನಲ್ಲಿ ವಿದ್ಯುತ್ ಸೋರುತ್ತಿದ್ದರೆ ಅದು ಇಲ್ಲಿಯವರೆಗೆ ಬರಬಹುದು, ಒದ್ದೆಯಾದ ತಾರಸಿಯಲ್ಲಿ ನಿಂತು ಅದನ್ನು ಕೈಯಿಂದ ಕಂಡುಹಿಡಿಯಬಾರದು. ಕಂಬವನ್ನೂ ಅದರ ಮೇಲಿನ ಪೆಟ್ಟಿಗೆಯನ್ನೂ ನಾನು ಮುಟ್ಟಲಿಲ್ಲ. ಬೀದಿಯ ಆಂಪ್ಲಿಫೈಯರುಗಳಿಗೆ ಬೇಕಾದ ವಿದ್ಯುತ್ತು ಮುಖ್ಯ ಕೇಬಲ್ಲಿನಲ್ಲೇ ಹರಿಯುತ್ತಿರುತ್ತದೆ. ಅದು ಕೇಬಲ್‌ನವರ ಕೆಲಸ.

ಪೆಟ್ಟಿಗೆಯೊಳಗೆ ಕಂಡದ್ದನ್ನು ಹಾಗೇ ಬರೆಯುತ್ತೇನೆ. ಕಂಬದಿಂದ ಬಂದ ಕೇಬಲ್ ನಾಲ್ಕು ಕವಲಿನ ಹಳೆಯ ಸ್ಪ್ಲಿಟರಿಗೆ ಸೇರಿತ್ತು. ಮನೆಯಲ್ಲಿ ಮೂರು ಟಿವಿ ಇದ್ದ ಕಾಲದಲ್ಲಿ ಹಾಕಿಸಿದ್ದು ಅದು. 2013ರಲ್ಲಿ ಬೆಂಗಳೂರು ಮೈಸೂರುಗಳಲ್ಲಿ ಸೆಟ್‌ಟಾಪ್ ಬಾಕ್ಸ್ ಕಡ್ಡಾಯವಾದಾಗ ಮೂರು ಬಾಕ್ಸ್ ಕೊಳ್ಳುವುದು ಬೇಡವೆಂದು ಎರಡು ಟಿವಿಗಳನ್ನು ನಿಲ್ಲಿಸಿದೆವು. ಸ್ಪ್ಲಿಟರು ಮಾತ್ರ ಮೇಲೆಯೇ ಉಳಿಯಿತು. ಅದರ ಎರಡು ಬಾಯಿಗಳು ಖಾಲಿ ತೆರೆದಿದ್ದು ಒಳಗೆ ಹಸಿರು ಕಿಲುಬು ಹತ್ತಿತ್ತು. ಒಂದು ಬಾಯಿಯಿಂದ ಹಾಲಿನ ಟಿವಿಗೆ ಕೇಬಲ್ ಇಳಿದಿತ್ತು. ಆ ಕೇಬಲ್ ಟಿವಿಯ ಹಿಂದೆ ತಲುಪುವಲ್ಲಿ ತಂತ್ರಜ್ಞರು ಹೊಸದಾಗಿ ಎರಡು ಕವಲಿನ ಸ್ಪ್ಲಿಟರ್ ಹಾಕಿ ಒಂದನ್ನು ಬಾಕ್ಸಿಗೆ, ಇನ್ನೊಂದನ್ನು ಮೋಡೆಮ್‌ಗೆ ಕೊಟ್ಟಿದ್ದರು. ತಾರಸಿಯಿಂದ ಇಳಿಯುವ ದಾರಿಯಲ್ಲಿ ಕೇಬಲ್ ಒಂದು ಕಡೆ ತುಂಡಾಗಿ, ಜಾಯಿಂಟರ್ ಹಾಕಿ ಇನ್ಸುಲೇಷನ್ ಟೇಪ್ ಸುತ್ತಿದ್ದ ಜಾಗವೂ ಇತ್ತು. ಟೇಪ್ ಬಿಚ್ಚಿದಾಗ ಒಳಗಿನಿಂದ ಎರಡು ಹನಿ ನೀರು ನನ್ನ ಅಂಗೈ ಮೇಲೆ ಬಿತ್ತು.

ಸಂಶಯ ಬೇಕಾದಷ್ಟಿತ್ತು, ಆದರೆ ಪುರಾವೆ ಬೇಕಿತ್ತು. ಎಕ್ಸ್‌ಟೆನ್ಷನ್ ಬೋರ್ಡ್ ಎಳೆದು, ಮೋಡೆಮ್ ಮತ್ತು ಲ್ಯಾಪ್‌ಟಾಪನ್ನು ತಾರಸಿಗೆ ಒಯ್ದು, ತುಂತುರು ಮಳೆಯಿದ್ದುದರಿಂದ ಟ್ಯಾಂಕಿನ ನೆರಳಿನಲ್ಲಿ ಸ್ಟೂಲಿನ ಮೇಲಿಟ್ಟು, ಕಂಬದ ಕೇಬಲ್ಲನ್ನು ಸ್ಪ್ಲಿಟರಿನಿಂದ ಬಿಡಿಸಿ ನೇರವಾಗಿ ಮೋಡೆಮ್‌ಗೆ ಸಿಕ್ಕಿಸಿದೆ. ಮಗಳು ಕೊಡೆ ಹಿಡಿದು ನಿಂತಿದ್ದಳು. ನಾಲ್ಕು ನಿಮಿಷದಲ್ಲಿ ದೀಪಗಳು ಮಿನುಗುವುದು ನಿಂತು ಸ್ಥಿರವಾದವು. ಪುಟ ತೆರೆದೆ: ಎಂಟಕ್ಕೆ ಎಂಟು ಚಾನೆಲ್, ಮಟ್ಟ ಪ್ಲಸ್ 3, ಅನುಪಾತ 38, ಹೊರಕಳಿಸುವ ಶಕ್ತಿ 41. ವೇಗ 94. ಲೈನು ಕಂಬದಿಂದ ಚೆನ್ನಾಗಿಯೇ ಬರುತ್ತಿತ್ತು. ಕೆಟ್ಟದ್ದೆಲ್ಲ ತಾರಸಿಗೂ ಹಾಲಿಗೂ ನಡುವಿನ ನಮ್ಮದೇ ದಾರಿಯಲ್ಲಿ.

ನಷ್ಟದ ಲೆಕ್ಕ

ಕೆಳಗೆ ಹಾಲಿನಲ್ಲಿ ಸಿಕ್ಕ ಅಂಕಿಗೂ ಮೇಲೆ ತಾರಸಿಯಲ್ಲಿ ಸಿಕ್ಕ ಅಂಕಿಗೂ ಇರುವ ಅಂತರ ನೋಡಿದರೆ ಒಳಬರುವ ದಿಕ್ಕಿನಲ್ಲಿ 16.5 ಡೆಸಿಬೆಲ್, ಹೊರಹೋಗುವ ದಿಕ್ಕಿನಲ್ಲಿ 12 ಡೆಸಿಬೆಲ್ ನಷ್ಟ. ಡೆಸಿಬೆಲ್ ಲೆಕ್ಕದಲ್ಲಿ 3 ಕಳೆದರೆ ಶಕ್ತಿ ಅರ್ಧ, 10 ಕಳೆದರೆ ಹತ್ತನೆಯ ಒಂದು ಭಾಗ. 16.5 ಎಂದರೆ ತಾರಸಿಗೆ ಬಂದ ಶಕ್ತಿಯ ಸುಮಾರು 45ನೆಯ ಒಂದು ಭಾಗ ಮಾತ್ರ ಮೋಡೆಮ್ ತಲುಪುತ್ತಿತ್ತು.

ಇದರಲ್ಲಿ ಯಾವುದರ ಪಾಲು ಎಷ್ಟು? ಸ್ಪ್ಲಿಟರ್ ಎಂಬುದು ನೀರಿನ ಕವಲಿನಂತೆ. ಎರಡು ಪಾಲು ಮಾಡಿದರೆ ಪ್ರತಿಯೊಂದಕ್ಕೂ ಅರ್ಧ. ಲೆಕ್ಕಕ್ಕೆ 3 ಡೆಸಿಬೆಲ್, ಒಳಗಿನ ಸಣ್ಣಪುಟ್ಟ ನಷ್ಟ ಸೇರಿ 3.5. ನಾಲ್ಕು ಪಾಲು ಮಾಡಿದರೆ 7. ಈ ಅಂಕಿಗಳು ಸ್ಪ್ಲಿಟರಿನ ಮೈಮೇಲೆಯೇ ಅಚ್ಚಾಗಿರುತ್ತವೆ. ಖಾಲಿ ಬಿಟ್ಟ ಬಾಯಿಯಾದರೂ ತನ್ನ ಪಾಲನ್ನು ತೆಗೆದುಕೊಂಡೇ ತೀರುತ್ತದೆ. ಬಳಸದ ಕವಲು ನಷ್ಟ ಮಾಡುವುದಿಲ್ಲ ಎಂಬುದು ತಪ್ಪು ತಿಳಿವಳಿಕೆ. ಹೀಗೆ ಎರಡು ಸ್ಪ್ಲಿಟರುಗಳಿಗೆ 10.5 ಹೋಯಿತು.

ಉಳಿದದ್ದು ಕೇಬಲ್ಲಿನದು. ಮೇಲಿನಿಂದ ಮೋಡೆಮ್‌ವರೆಗೆ 22 ಮೀಟರ್ ಉದ್ದ. ಕೇಬಲ್ಲಿನ ಮೈಮೇಲೆ ಆರ್‌ಜಿ-59 ಎಂದು ಅಚ್ಚಾಗಿತ್ತು. ಈಗ ಇಂಟರ್‌ನೆಟ್ಟಿಗೆ ಬಳಸುವ ಆರ್‌ಜಿ-6ಕ್ಕಿಂತ ಅದರ ನಡುತಂತಿ ತೆಳು, ನಷ್ಟ ಹೆಚ್ಚು. ಒಳಬರುವ ಚಾನೆಲ್‌ಗಳು ಇದ್ದ 600 ಮೆಗಾಹರ್ಟ್ಸ್ ಆಸುಪಾಸಿನಲ್ಲಿ ಅದು 100 ಮೀಟರಿಗೆ ಸುಮಾರು 20 ಡೆಸಿಬೆಲ್ ನುಂಗುತ್ತದೆ, ಆದ್ದರಿಂದ ನಮ್ಮ ಉದ್ದಕ್ಕೆ ನಾಲ್ಕೂವರೆ. ಹೊರಹೋಗುವ ಸಿಗ್ನಲ್ 30 ಮೆಗಾಹರ್ಟ್ಸ್ ಸುತ್ತಮುತ್ತ ಇರುವುದರಿಂದ ಅಲ್ಲಿ ನಷ್ಟ ಒಂದು ಡೆಸಿಬೆಲ್ ಮಾತ್ರ. ಕೇಬಲ್ಲಿನ ನಷ್ಟ ಆವರ್ತನದೊಂದಿಗೆ ಏರುತ್ತದೆ. ಕೂಡಿಸಿದರೆ ಒಳಬರುವ ದಿಕ್ಕಿಗೆ 15, ಹೊರಹೋಗುವ ದಿಕ್ಕಿಗೆ 11.5. ಉಳಿದ ಒಂದೂವರೆ, ಅರ್ಧ ಡೆಸಿಬೆಲ್‌ಗಳನ್ನು ನೀರು ಕುಡಿದ ಆ ಜಾಯಿಂಟಿನ ಖಾತೆಗೆ ಬರೆದೆ. ಎರಡು ದಿಕ್ಕಿನ ಲೆಕ್ಕವೂ ಹೀಗೆ ತಾಳೆಯಾದಾಗ ನನಗೆ ಆದ ಸಮಾಧಾನ ದೊಡ್ಡದು. ಇನ್ನು ಕತ್ತರಿಸಬಹುದು ಎಂಬ ಧೈರ್ಯ ಬಂದದ್ದು ಆಗಲೇ.

ಜಾಯಿಂಟ್ ಒಂದೂವರೆ ಡೆಸಿಬೆಲ್ ಮಾತ್ರ ನುಂಗಿದ್ದರೂ ಅದರ ಅಪರಾಧ ಅಷ್ಟಕ್ಕೇ ಮುಗಿಯುವುದಿಲ್ಲ. ಹೊರಗವಚ ಸಡಿಲವಾದ ಕಡೆ ಹೊರಗಿನ ರೇಡಿಯೋ ಗದ್ದಲ ಕೇಬಲ್ಲಿನೊಳಗೆ ನುಗ್ಗುತ್ತದೆ. ಕೇಬಲ್ ಜಾಲದಲ್ಲಿ ಒಂದು ಬೀದಿಯ ಎಲ್ಲ ಮನೆಗಳ ಹೊರಹೋಗುವ ದಾರಿ ಒಂದೇ ಕಡೆ ಕೂಡಿಕೊಳ್ಳುವುದರಿಂದ ನಮ್ಮ ಮನೆಯಿಂದ ನುಗ್ಗಿದ ಗದ್ದಲ ನೆರೆಮನೆಗಳ ಕರೆಗಳನ್ನೂ ಕೆಡಿಸುತ್ತದೆ. ಕಿಲುಬು ಹಿಡಿದು ತೆರೆದಿದ್ದ ಆ ಎರಡು ಬಾಯಿಗಳೂ ಅದೇ ಕೆಲಸ ಮಾಡುತ್ತಿದ್ದವು.

ಹೊಸ ಕೇಬಲ್, ಹೊಸ ಕನೆಕ್ಟರ್

ಮರುದಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳಿರುವ ಎಸ್‌ಪಿ ರಸ್ತೆಗೆ ಹೋಗಿ 25 ಮೀಟರ್ ಆರ್‌ಜಿ-6, ಎರಡು ಕವಲಿನ ಒಂದು ಸ್ಪ್ಲಿಟರ್, ಒತ್ತಿ ಬಿಗಿಯುವ ಎಫ್ ಕನೆಕ್ಟರುಗಳು, ಅವನ್ನು ಒತ್ತುವ ಇಕ್ಕಳ, ಸಿಪ್ಪೆ ಸುಲಿಯುವ ಸ್ಟ್ರಿಪ್ಪರ್ ತಂದೆ. ಸ್ಪ್ಲಿಟರ್ ಆರಿಸುವಾಗ ಎಚ್ಚರ ಬೇಕು. ಅಂಗಡಿಯಲ್ಲಿ ಡಿಶ್ ಆಂಟೆನಾಗೆಂದು ಮಾಡಿದ, 950ರಿಂದ 2150 ಮೆಗಾಹರ್ಟ್ಸ್ ಎಂದು ಬರೆದಿರುವವೂ ಪಕ್ಕದಲ್ಲೇ ಇರುತ್ತವೆ, ನೋಡಲು ಎರಡೂ ಒಂದೇ. ಕೇಬಲ್ ಇಂಟರ್‌ನೆಟ್ಟಿನ ಹೊರಹೋಗುವ ಸಿಗ್ನಲ್ 5 ಮೆಗಾಹರ್ಟ್ಸ್‌ನಿಂದ ಶುರುವಾಗುವುದರಿಂದ 5ರಿಂದ 1000 ಎಂದು ಬರೆದಿರುವುದೇ ಬೇಕು.

ಕೇಬಲ್ಲಿಗೆ ಕನೆಕ್ಟರ್ ಹಾಕುವುದರಲ್ಲಿ ಅರ್ಧ ದಿನ ಕಳೆಯಿತು, ಮತ್ತು ಅದು ಸರಿಯಾಗಿಯೇ ಕಳೆಯಿತು ಎಂದು ನನ್ನ ಅಭಿಪ್ರಾಯ. ಕೇಬಲ್ಲಿನ ತುದಿಯನ್ನು ಮೊದಲು ನೇರವಾಗಿ ಕತ್ತರಿಸಬೇಕು. ಓರೆಯಾದರೆ ಮುಂದಿನದೆಲ್ಲ ಓರೆ. ಸ್ಟ್ರಿಪ್ಪರಿನಲ್ಲಿ ಸಿಕ್ಕಿಸಿ ನಾಲ್ಕೈದು ಸುತ್ತು ತಿರುಗಿಸಿದರೆ ತುದಿಯ 6 ಮಿಲಿಮೀಟರ್ ನಡುತಂತಿ ಬತ್ತಲಾಗಿ, ಅದರ ಹಿಂದಿನ 6 ಮಿಲಿಮೀಟರಿನಲ್ಲಿ ಹೊರಸಿಪ್ಪೆ ಮಾತ್ರ ಹೋಗಿ ಹೆಣಿಗೆಯ ಎಳೆಗಳು ಕಾಣುತ್ತವೆ. ಆ ಎಳೆಗಳನ್ನು ಉಗುರಿನಿಂದ ಬಿಡಿಸಿ, ತಲೆಗೂದಲು ಹಿಂದಕ್ಕೆ ಬಾಚುವಂತೆ ಸಿಪ್ಪೆಯ ಮೇಲೆ ಮಡಿಸಬೇಕು. ಅಡಿಯ ಬೆಳ್ಳಿ ಬಣ್ಣದ ಹಾಳೆ, ನಡುತಂತಿಯನ್ನು ಸುತ್ತುವರಿದ ನೊರೆಯಂಥ ಬಿಳಿಯ ಪ್ಲಾಸ್ಟಿಕ್ಕಿಗೆ ಅಂಟಿಕೊಂಡೇ ಇರಬೇಕು. ಒಂದೇ ಒಂದು ಎಳೆ ಮುಂದೆ ಚಾಚಿ ನಡುತಂತಿಗೆ ತಾಕಿದರೂ ಲೈನು ಶಾರ್ಟ್ ಆಗುತ್ತದೆ. ಆದ್ದರಿಂದ ಟಾರ್ಚ್ ಹಿಡಿದು, ಕನ್ನಡಕ ಹಾಕಿಕೊಂಡು ಪ್ರತಿ ತುದಿಯನ್ನೂ ನೋಡಿದೆ. ಕನೆಕ್ಟರನ್ನು ತಿರುಚುತ್ತಾ ಒತ್ತಿದಾಗ ಒಳಗಿನ ಬಿಳಿಯ ನೊರೆ ಕನೆಕ್ಟರಿನ ಒಳತಳಕ್ಕೆ ಸಮನಾಗಿ ಬಂದು ನಿಲ್ಲಬೇಕು, ನಡುತಂತಿ ಅಂಚಿಗಿಂತ 3 ಮಿಲಿಮೀಟರ್ ಮುಂದಿರಬೇಕು. ಆಮೇಲೆ ಇಕ್ಕಳದಲ್ಲಿಟ್ಟು ಒಂದೇ ಸಲ ಪೂರ್ತಿ ಒತ್ತಬೇಕು. ಟಕ್ ಎಂದು ಕೂತರೆ ಕೇಬಲ್ ಹಿಡಿದು ಎಳೆದರೂ ಅಲ್ಲಾಡುವುದಿಲ್ಲ.

ನಡುತಂತಿ ತಾಮ್ರದಂತೆ ಕಂಡರೂ ಸಾಮಾನ್ಯವಾಗಿ ಅದು ತಾಮ್ರ ಲೇಪಿಸಿದ ಉಕ್ಕು. ಇಷ್ಟು ಎತ್ತರದ ಆವರ್ತನದಲ್ಲಿ ವಿದ್ಯುತ್ತು ತಂತಿಯ ಮೇಲ್ಮೈಯಲ್ಲಿ ಮಾತ್ರ ಹರಿಯುವುದರಿಂದ ಒಳಗೆ ಉಕ್ಕಿದ್ದರೂ ಬಾಧಕವಿಲ್ಲ. ಆದರೆ ಬ್ಲೇಡಿನಿಂದ ಸುಲಿಯುವಾಗ ತಾಮ್ರಕ್ಕೆ ಗೀರು ಬಿದ್ದರೆ ಉಕ್ಕು ಹೊರಗೆ ಬಂದು ತುಕ್ಕು ಹಿಡಿಯುತ್ತದೆ. ಹಳೆಯ ಜಾಯಿಂಟಿನ ತುದಿಯಲ್ಲಿ ನಡುತಂತಿ ಕಂದುಬಣ್ಣಕ್ಕೆ ತಿರುಗಿ, ಮುಟ್ಟಿದರೆ ಪುಡಿ ಉದುರುತ್ತಿತ್ತು. ತಿರುಪಿ ಹಾಕುವ ಹಳೆಯ ಮಾದರಿಯ ಕನೆಕ್ಟರ್ ಅದು. ಅದನ್ನು ಹೊರಗಿನ ಮಳೆಗೆ ಎಂದೂ ಹಾಕಬಾರದು.

ಹೊಸ ವ್ಯವಸ್ಥೆ ಸರಳ. ತಾರಸಿಯ ಪೆಟ್ಟಿಗೆಯಲ್ಲಿ ಎರಡು ಕವಲಿನ ಸ್ಪ್ಲಿಟರ್ ಒಂದೇ. ಒಂದು ಕವಲಿನಿಂದ ಮೋಡೆಮ್‌ಗೆ ನಡುವೆ ತುಂಡಿಲ್ಲದ 20 ಮೀಟರ್ ಆರ್‌ಜಿ-6, ಇನ್ನೊಂದರಿಂದ ಟಿವಿಗೆ ಹಳೆಯ ಕೇಬಲ್, ಜಾಯಿಂಟನ್ನು ಹೊಸ ಕನೆಕ್ಟರುಗಳಿಂದ ಮತ್ತೆ ಕಟ್ಟಿ. ಪ್ರತಿ ಕನೆಕ್ಟರನ್ನು ಬೆರಳಿನಿಂದ ಬಿಗಿದು, 11ನೇ ನಂಬರ್ ಸ್ಪ್ಯಾನರಿನಲ್ಲಿ ಇನ್ನೊಂದಿಷ್ಟು ತಿರುಗಿಸಿದೆ. ಕೇಬಲ್ ಪೆಟ್ಟಿಗೆಯನ್ನು ಹೊಗುವ ಮೊದಲು ಕೆಳಕ್ಕೆ ಇಳಿದು ಮೇಲೇರುವಂತೆ ಸಣ್ಣ ಜೋಲಿ ಬಿಟ್ಟೆ, ಮಳೆನೀರು ಅಲ್ಲೇ ತೊಟ್ಟಿಕ್ಕಿ ಬೀಳಲೆಂದು. ಅಮ್ಮನ ಏಳೂವರೆಯ ಧಾರಾವಾಹಿಗೆ ಮೊದಲು ಟಿವಿ ಬರಬೇಕೆಂಬ ಗಡುವಿತ್ತು. ಏಳು ಗಂಟೆಗೆ ಬಂತು.

ಜೋಡಿಸುವ ಮೊದಲೇ ನೋಟ್‌ಬುಕ್ಕಿನಲ್ಲಿ ಊಹೆ ಬರೆದಿದ್ದೆ: ಪ್ಲಸ್ 3ರಿಂದ ಸ್ಪ್ಲಿಟರಿಗೆ 3.5, ಕೇಬಲ್ಲಿಗೆ 3.3 ಕಳೆದರೆ ಮೈನಸ್ 3.8, ಹೊರಕಳಿಸುವ ಶಕ್ತಿ 41ಕ್ಕೆ 3.5 ಮತ್ತು 0.8 ಕೂಡಿಸಿ 45.3. ಮೋಡೆಮ್ ತೋರಿಸಿದ್ದು ಮೈನಸ್ 3.7 ಮತ್ತು 45.5. ಅನುಪಾತ 37, ಎಂಟೂ ಚಾನೆಲ್. ಮರುದಿನ ಬೆಳಗಿನವರೆಗೆ ಸರಿಪಡಿಸಲಾಗದ ದೋಷ ಒಂದೂ ಇರಲಿಲ್ಲ. 500 ಪಿಂಗ್‌ಗೆ 500 ಉತ್ತರ.

94ರ ಗೋಡೆ, ಮತ್ತೆ ವೈಫೈ

ತಂತಿಯ ಮೂಲಕ ವೇಗ 94ಕ್ಕೆ ಬಂದು ಅಲ್ಲೇ ನಿಂತಿತು, ರಾತ್ರಿಯ ಒಂದೂವರೆ ಗಂಟೆ ಬಿಟ್ಟರೆ ಹೊತ್ತು ಯಾವುದೇ ಇರಲಿ 94. ಲೈನಿನ ವೇಗ ಏರಿಳಿಯುತ್ತದೆ, ಹೀಗೆ ಗೆರೆ ಎಳೆದಂತೆ ನಿಲ್ಲುವುದಿಲ್ಲ. 100 ಎಂಬಿಪಿಎಸ್‌ನ ಈಥರ್‌ನೆಟ್ ಜೋಡಣೆಯಲ್ಲಿ ಪ್ರತಿ ಪ್ಯಾಕೆಟ್ಟಿಗೂ ಅಂಟಿಸುವ ವಿಳಾಸ ಮುಂತಾದ ಹೆಚ್ಚುವರಿ ಮಾಹಿತಿಯೆಲ್ಲ ಕಳೆದು ನಮಗೆ ಸಿಗುವ ಗರಿಷ್ಠ ವೇಗ ಅದೇ. ಮೋಡೆಮ್ ಜೊತೆ ಬಂದ ಲ್ಯಾನ್ ಕೇಬಲ್ಲಿನ ಪಾರದರ್ಶಕ ತುದಿಯನ್ನು ಬೆಳಕಿಗೆ ಹಿಡಿದು ನೋಡಿದರೆ ಎಂಟು ತಂತಿಗಳ ಜಾಗದಲ್ಲಿ ನಾಲ್ಕೇ ಇದ್ದವು. ಗಿಗಾಬಿಟ್ ಜೋಡಣೆಗೆ ಎಂಟೂ ಬೇಕು. ಎಂಟು ತಂತಿಯ ಕೇಬಲ್ ಹಾಕಿದ ಮೇಲೆ 102 ಬಂತು.

ವೈಫೈ ವಿಷಯ ಬೇಗ ಮುಗಿಯಿತು. ಮೋಡೆಮನ್ನು ಟಿವಿಯ ಹಿಂದಿನಿಂದ, ಗಾಡ್ರೆಜ್ ಬೀರುವಿನ ಮರೆಯಿಂದ ಹೊರತಂದು ಎದೆಯೆತ್ತರದ ಕಪಾಟಿನ ಮೇಲಿಟ್ಟೆ. 2.4 ಗಿಗಾಹರ್ಟ್ಸ್‌ನಲ್ಲಿ ಸುತ್ತಲಿನ ಹದಿನಾಲ್ಕು ಮನೆಗಳ ವೈಫೈ ಕಾಣುತ್ತಿದ್ದುದರಿಂದ ವೈಫೈ ಚಾನೆಲ್ಲಿನ ಅಗಲವನ್ನು 20 ಮೆಗಾಹರ್ಟ್ಸ್‌ಗೆ ಇಳಿಸಿ, ಒಂದರ ಮೇಲೊಂದು ಬೀಳದ 1, 6, 11ನೆಯ ಚಾನೆಲ್‌ಗಳ ಪೈಕಿ ಗಿಜಿಗಿಜಿ ಕಡಿಮೆಯಿದ್ದ 11ನ್ನು ಆರಿಸಿದೆ. ಲ್ಯಾಪ್‌ಟಾಪುಗಳನ್ನು 5 ಗಿಗಾಹರ್ಟ್ಸ್‌ಗೆ ಸೇರಿಸಿದೆ. ಮಗಳ ಕೋಣೆಯಲ್ಲಿ 80 ಸಿಗುತ್ತದೆ.

ಉಳಿದದ್ದು ರಾತ್ರಿ ಒಂಬತ್ತರಿಂದ ಹತ್ತೂವರೆಯವರೆಗಿನ ಇಳಿತ. ಆಗ ತಂತಿಯ ಮೂಲಕವೂ 60ರಿಂದ 65 ಮಾತ್ರ. ಆ ಹೊತ್ತಿನಲ್ಲಿ ಮೋಡೆಮ್ ಪುಟ ನೋಡಿದರೆ ಮಟ್ಟ, ಅನುಪಾತ, ದೋಷಗಳ ಎಣಿಕೆ ಯಾವುದೂ ಬದಲಾಗಿರಲಿಲ್ಲ. ಲೈನು ಚೊಕ್ಕವಾಗಿದ್ದೂ ವೇಗ ಇಳಿದರೆ ಅದು ಬೀದಿಯ ಮನೆಗಳೆಲ್ಲ ಒಂದೇ ಚಾನೆಲ್‌ಗಳನ್ನು ಹಂಚಿಕೊಳ್ಳುವುದರಿಂದ ಆಗುವ ದಟ್ಟಣೆ. ಅದಕ್ಕೆ ಮನೆಯಲ್ಲಿ ಮದ್ದಿಲ್ಲ. ಏಳು ದಿನದ ಅಂಕಿಗಳನ್ನು ಬರೆದು ಕೇಬಲ್‌ನವರಿಗೆ ಕಳಿಸಿದೆ.

ಅದನ್ನು ನೋಡಲು ಬಂದವರು ಮೊದಲು ಬಂದಿದ್ದ ಅದೇ ತಂತ್ರಜ್ಞರು. ನೋಟ್‌ಬುಕ್ಕಿನ ಪುಟಗಳನ್ನೂ ಮೋಡೆಮ್ ಪುಟವನ್ನೂ ತೋರಿಸಿದೆ. ಅವರು ಗಮನವಿಟ್ಟು ಓದಿ, 192.168.100.1 ಎಂಬ ವಿಳಾಸವನ್ನು ತಮ್ಮ ಫೋನಿನಲ್ಲಿ ಬರೆದುಕೊಂಡರು. "ನಮಗೆ ಮೀಟರ್ ಕೊಡಲ್ಲ ಸಾರ್, ದಿನಕ್ಕೆ ಎಂಟು ಮನೆ ಮುಗಿಸ್ಬೇಕು. ತಾರಸಿ ಹತ್ತೋಕೆ ಟೈಮೇ ಇರಲ್ಲ" ಎಂದರು. ಆ ಮಾತು ನಿಜವೆಂದು ನನಗೆ ಅನ್ನಿಸಿತು. ಮೀಟರಿಲ್ಲದೆ ಕಳಿಸಿದವರ ಮೇಲೆ ನನ್ನ ದೂರಿದೆಯೇ ಹೊರತು, ಎಂಟು ಮನೆಯ ನಡುವೆ ನಮ್ಮ ಮನೆಗೂ ಬಂದು ಹೋದ ಅವರ ಮೇಲಿಲ್ಲ. ಹೊರಡುವ ಮೊದಲು ಅವರು ಕಂಬ ಹತ್ತಿ ಆ ತುದಿಯ ಕನೆಕ್ಟರನ್ನೂ ನನ್ನ ಇಕ್ಕಳದಿಂದಲೇ ಹೊಸದಾಗಿ ಒತ್ತಿ ಕೊಟ್ಟರು.

ಅಕ್ಟೋಬರಿನಲ್ಲಿ ಒಂದು ಇಡೀ ರಾತ್ರಿ ಜೋರು ಮಳೆ ಸುರಿಯಿತು. ಬೆಳಗ್ಗೆ ಕಾಫಿಗೆ ಮುಂಚೆ ತಾರಸಿಗೆ ಹೋಗಿ ಪೆಟ್ಟಿಗೆ ತೆರೆದೆ. ಜೋಲಿಯ ತುದಿಯಲ್ಲಿ ಹನಿ ನಿಂತಿತ್ತು, ಒಳಗೆ ಒಣಗಿತ್ತು. ಕೆಳಗೆ ಬಂದು ಮೋಡೆಮ್ ಪುಟ ನೋಡಿದೆ: ಮೈನಸ್ 3.6, 37, 45.5, ದೋಷ ಸೊನ್ನೆ. ಅಂಕಿಗಳನ್ನು ಚೀಟಿಯಲ್ಲಿ ಬರೆದು, ದಿನಾಂಕ ಹಾಕಿ, ಮೋಡೆಮ್ ಇಟ್ಟ ಕಪಾಟಿನ ಒಳಬದಿಗೆ ಅಂಟಿಸಿದ್ದೇನೆ.